ಮೂರನೇ ತುಂಡು ಕುಂಡದಲ್ಲಿ ಚಿಗುರಿದೆ, ಮಾಸ್ತರೇ

ಓದುಗರ ಪ್ರಶ್ನೆ: "ನಾ ರಿಟೈರ್ಡ್ ಹೈಸ್ಕೂಲ್ ಮಾಸ್ತರ. ಊರು ಸಿಂದಗಿ ಕಡೆ, ಈಗ ಮಗನ ಜೋಡಿ ಚಿಂಚವಡದಾಗ ಇರ್ತೀನಿ. ರವಿವಾರ ಒಂದಿಷ್ಟ ಮಂದಿ ಕೂಡಿ ಕೋಟಿ ಹತ್ತತೀವಿ. ಹ್ವಾದ ಸೆಪ್ಟೆಂಬರ್‌ದಾಗ ಜುನ್ನರ ಕಡೆ ಒಂದ ಕಡಿದಾದ ಬಂಡಿ ಮ್ಯಾಲ ಶಿಂದಳ ಮಾಕುಡಿ ಕಂಡಿತು. ಜೋಡಿಗಿದ್ದ ಮರಾಠಿ ಹುಡುಗ, ಕಾಕಾ, ಇದು ಜಗತ್ತಿನಾಗ ಈ ಸಹ್ಯಾದ್ರಿ ಬಿಟ್ರ ಎಲ್ಲೂ ಇಲ್ಲ ಅಂದ. ಆಸೆ ತಡೀಲಿಲ್ಲ, ಮೂರ ತುದಿ ಮುರಕೊಂಡ ಬಂದೆ. ಒಂದ ದಿನದ ವರ್ಕ್‌ಶಾಪ್‌ದಾಗ ಟಿಶ್ಯೂ ಕಲ್ಚರ್, ಅಂದ್ರ ಗಿಡದ ಚೂರು ಬಾಟ್ಲ್ಯಾಗ ಬೆಳಸೂದು, ಕಲಿಸಿದ್ರು, ಕಿಟ್ ಕೊಟ್ರು, ಒಂದ ತುಂಡಿನಿಂದ ಸಾವಿರ ಗಿಡ ಮಾಡಬಹುದು ಅಂದ್ರು. ಎರಡ ತುಂಡು ಬಾಟ್ಲಿಗೆ ಹಾಕಿದೆ. ಒಂದಕ್ಕ ಬೂಷ್ಟು ಬಂತು. ಇನ್ನೊಂದು ಬೆಳೀಲಿಲ್ಲ ಅಂತ ಹಾರ್ಮೋನ್ ಡಬಲ್ ಹಾಕಿ ಬ್ಯಾರೆ ಬಾಟ್ಲಿಗೆ ಬದಲಿಸಿದೆ, ಅದು ಗಾಜಿನಂಗ ಉಬ್ಬಿ ಮುದ್ದಿ ಆಗಿ ಕುಂತದ. ಮೂರನೇ ತುಂಡು ಸುಮ್ನ ಕುಂಡದಾಗ ಚುಚ್ಚಿದ್ದೆ, ಅದು ಅದರ ಪಾಡಿಗೆ ಚಿಗತದ. ಸೊಸಿ ಹೇಳ್ತಾಳ, ಹಾರ್ಮೋನ್ ಅಂದ್ರ ವಿಷ, ಮೊಮ್ಮಕ್ಕಳಿರೋ ಮನ್ಯಾಗ ಬ್ಯಾಡ ಅಂತ. ಖರೇನ ಏನು? ಹಾರ್ಮೋನ್ ಎಷ್ಟ ಹಾಕಬೇಕಿತ್ತು? ಗಿಡ ಆದ್ರ ಮುಂದಿನ ಮಳಿಗಾಲಕ್ಕ ಕೋಟಿ ಮ್ಯಾಲ ಒಯ್ದು ಹಚ್ಚಬಹುದೇನು?"

ಉತ್ತರ:

ಮಾಸ್ತರೇ, ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲನೇ ಸಲ ಓದಿದಾಗ ನನ್ನ ಕಣ್ಣೂ ಬಾಟ್ಲಿಗಳ ಮೇಲೇ ಹೋಯ್ತು, ಇಪ್ಪತ್ತು ವರ್ಷಕ್ಕೂ ಮೇಲೆ ಪುಣೆಯಲ್ಲಿ ಇದೇ ಬಾಟ್ಲಿಗಳ ಜೊತೆ ಬದುಕಿದವನು ನಾನು, ಅಭ್ಯಾಸ ಬಿಡಲ್ಲ. ಎರಡನೇ ಸಲ ಓದಿದಾಗ ಒಂದು ಸಾಲು ಸಿಕ್ತು, ನೀವು ಲೆಕ್ಕಕ್ಕೇ ಇಲ್ಲ ಅನ್ನೋ ಹಾಗೆ ಬರೆದಿದ್ದು: ಮೂರನೇ ತುಂಡು ಕುಂಡದಲ್ಲಿ ಅದರ ಪಾಡಿಗೆ ಚಿಗುರಿದೆ. ನಿಮ್ಮ ಅರ್ಧ ಪ್ರಶ್ನೆಗೆ ಆ ಗಿಡಾನೇ ಉತ್ತರ ಕೊಟ್ಟಾಗಿದೆ. ಶಿಂದಳ ಮಾಕುಡಿ, ಅಂದ್ರೆ ಫ್ರೇರಿಯಾ ಇಂಡಿಕಾ, ತುಂಡು ಚುಚ್ಚಿದ್ರೆ ಬೇರು ಬಿಡೋ ಗಿಡ. ದಪ್ಪ ರಸಭರಿತ ಕಾಂಡ, ನೀರು ತುಂಬಿಟ್ಟುಕೊಂಡಿರುತ್ತೆ, ಮುರಿದ ಜಾಗ ನಾಲ್ಕೈದು ದಿನ ನೆರಳಲ್ಲಿ ಒಣಗಿಸಿ ಮರಳು ಮಣ್ಣಲ್ಲಿ ಇಟ್ರೆ ಸಾಕು. ಹೊರದೇಶದಲ್ಲಿ ಕಳ್ಳಿ ಜಾತಿ ಗಿಡ ಸಾಕೋ ಹವ್ಯಾಸಿಗಳ ಮನೆಗಳಲ್ಲಿ ಇದು ಎಷ್ಟೋ ವರ್ಷದಿಂದ ಹೀಗೇ ತುಂಡಿನಿಂದ ತುಂಡಾಗಿ ಬೆಳೀತಾ ಇದೆ. ಇದಕ್ಕೆ ಟಿಶ್ಯೂ ಕಲ್ಚರ್ ಮಾಡೋಕಾಗಲ್ಲ ಅಂತಲ್ಲ, ಲ್ಯಾಬ್‌ಗಳಲ್ಲಿ ಮಾಡಿದ್ದಾರೆ, ಆದ್ರೆ ನಿಮಗೆ ಬೇಕಿರಲಿಲ್ಲ.

ಹಾಗಾದ್ರೆ ಇಷ್ಟು ಸುಲಭವಾಗಿ ಬೆಳೆಯೋ ಗಿಡ ಅಳಿವಿನಂಚಿಗೆ ಯಾಕೆ ಬಂತು ಅಂತ ನೀವು ಕೇಳಬೇಕು, ಕ್ಲಾಸಲ್ಲಿ ಹುಡುಗ್ರು ಕೇಳಿದ್ರೆ ನಿಮಗೆ ಖುಷಿ ಆಗ್ತಿತ್ತಲ್ವಾ ಅಂಥ ಪ್ರಶ್ನೆ ಅದು. ಡಾಲ್ಜೆಲ್ ಅನ್ನೋ ಸಸ್ಯಶಾಸ್ತ್ರಜ್ಞ 1860ರ ದಶಕದಲ್ಲಿ ಇದನ್ನ ಗುರುತಿಸಿ ಆಗಿನ ಮುಂಬೈ ಗವರ್ನರ್ ಬಾರ್ಟ್ಲ್ ಫ್ರೇರ್ ಹೆಸರಿಟ್ಟ. ಆವಾಗಿಂದ ಇವತ್ತಿನವರೆಗೂ ಇದು ಸಿಕ್ಕಿರೋದು ಸಹ್ಯಾದ್ರಿಯ ಕೆಲವೇ ಬಂಡೆಗಳಲ್ಲಿ, ಶಿವನೇರಿ ಸುತ್ತ ಮತ್ತು ಅಂಥದ್ದೇ ಇನ್ನೊಂದಷ್ಟು ಕೋಟೆ-ಕಡಿದುಗಳಲ್ಲಿ. ಎಕ್ಕದ ಕುಟುಂಬದ ಗಿಡ ಇದು, ಪರಾಗ ಪುಡಿಯಾಗಿ ಉದುರಲ್ಲ, ಗಂಟು ಕಟ್ಟಿದ ಹಾಗೆ ಇರುತ್ತೆ, ಅದನ್ನ ನೊಣ ಮೈಗೆ ಸಿಕ್ಕಿಸಿಕೊಂಡು ಇನ್ನೊಂದು ಹೂವಿಗೆ ಸರಿಯಾದ ಸಂದಿಗೇ ಇಡಬೇಕು. ಅದಕ್ಕೇ ಹೂವು ಕಡುಗೆಂಪು, ಮೇಲೆ ಹಳದಿ ಗುರುತು, ಮೂಗು ಹತ್ರ ತಗೊಂಡ್ರೆ ಸ್ವಲ್ಪ ಕೊಳೆತ ವಾಸನೆ. ಗಿಡಗಳು ಒಂದಕ್ಕೊಂದು ದೂರ ಆದಷ್ಟೂ ಈ ಮದುವೆ ಕೂಡಿಬರೋದು ಕಷ್ಟ. ಮೇಲಿಂದ ಮೇಕೆ, ಬೇಸಿಗೆ ಬೆಂಕಿ, ಬಂಡೆ ಜಾರೋದು, ಮತ್ತೆ, ಬೇಜಾರು ಮಾಡ್ಕೋಬೇಡಿ, ಆಸೆ ತಡೀಲಾರದೆ ಮೂರು ತುದಿ ಮುರಿದುಕೊಂಡು ಬರೋ ನಮ್ಮಂಥವರು. ಕುಂಡದಲ್ಲಿ ಸಾವಿರ ಗಿಡ ಮಾಡಿದ್ರೂ ಈ ಪಟ್ಟಿಯಲ್ಲಿ ಒಂದೂ ಕಮ್ಮಿ ಆಗಲ್ಲ.

ಈಗ ಹಾರ್ಮೋನ್ ವಿಷಯ. ಸೊಸೆಯವರು ಹೆದರಿದ್ದು ಸಹಜ, ಆ ಪದಾನೇ ಹಂಗಿದೆ, ಹಾಲಿಗೆ ಇಂಜೆಕ್ಷನ್, ಕೋಳಿಗೆ ಇಂಜೆಕ್ಷನ್ ಅಂತ ವಾಟ್ಸಾಪ್‌ನಲ್ಲಿ ಓದಿ ಓದಿ. ಗಿಡದ ಹಾರ್ಮೋನ್‌ಗೂ ಪ್ರಾಣಿಗಳ ಹಾರ್ಮೋನ್‌ಗೂ ಹೆಸರು ಬಿಟ್ರೆ ನೆಂಟಸ್ತನ ಇಲ್ಲ. ಪ್ರತಿ ಗಿಡ ತನಗೆ ಬೇಕಾದ್ದನ್ನ ತಾನೇ ಮಾಡ್ಕೊಳ್ಳುತ್ತೆ, ನಾವು ಬಾಟ್ಲಿಗೆ ಹಾಕೋದು ಅದೇ ಅಥವಾ ಅದರ ಹಾಗೇ ಕೆಲಸ ಮಾಡೋ ಇನ್ನೊಂದು. ನಮಗೆ ಮುಖ್ಯವಾಗಿ ಬೇಕಾಗೋದು ಎರಡು ಗುಂಪು: ಆಕ್ಸಿನ್, ಸೈಟೊಕೈನಿನ್. ನಿಮ್ಮ ಕಿಟ್‌ನಲ್ಲಿ ಬಿಎಪಿ ಅಂತ ಬರೆದ ಸೀಸೆ ಇದ್ದಿರಬೇಕು, ಅದು ಸೈಟೊಕೈನಿನ್. ಐಬಿಎ ಅಥವಾ ಎನ್‌ಎಎ ಅಂತ ಇದ್ರೆ ಅದು ಆಕ್ಸಿನ್. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಅನ್ನೋರು ತಂಬಾಕಿನ ಕಾಂಡದ ತಿರುಳಿನ ಮೇಲೆ ತೋರಿಸಿದ್ದು ಇಷ್ಟೇ, ಆದ್ರೆ ನಮ್ಮ ಇಡೀ ಧಂದೆ ಅದರ ಮೇಲೆ ನಿಂತಿದೆ: ಸೈಟೊಕೈನಿನ್ ಜಾಸ್ತಿ ಆಕ್ಸಿನ್ ಕಮ್ಮಿ ಇದ್ರೆ ಚಿಗುರು ಬರುತ್ತೆ, ಉಲ್ಟಾ ಇದ್ರೆ ಬೇರು ಬರುತ್ತೆ, ಎರಡೂ ಸರಿಸಮ ಇದ್ರೆ ಏನಾಗಬೇಕು ಅಂತ ಗೊತ್ತಾಗದೆ ಗಂಟುಗಂಟಾಗಿ ಬೆಳೆಯುತ್ತೆ, ಕ್ಯಾಲಸ್ ಅಂತೀವಿ. ಎಷ್ಟು ಹಾಕಿದ್ವಿ ಅನ್ನೋದಕ್ಕಿಂತ ಯಾವುದಕ್ಕೆ ಯಾವುದು ಎಷ್ಟು ಅನ್ನೋದು ಮುಖ್ಯ, ಒಗ್ಗರಣೆ ಲೆಕ್ಕ ಇದು. ಸೈಟೊಕೈನಿನ್‌ಗಳಲ್ಲಿ ಮೊದಲು ಸಿಕ್ಕ ಕೈನೆಟಿನ್‌ನ 1955ರಲ್ಲಿ ಪಡೆದದ್ದು ಹೆರ್ರಿಂಗ್ ಮೀನಿನ ವೀರ್ಯದ ಡಿಎನ್‌ಎಯಿಂದ, ಅದಕ್ಕಿಂತ ಮುಂಚೆ ಲ್ಯಾಬ್‌ನವರು ಎಳನೀರೇ ಹಾಕ್ತಿದ್ರು, ಎಳನೀರಲ್ಲಿ ಸೈಟೊಕೈನಿನ್ ಇದೆ. ಸೊಸೆಯವರಿಗೆ ಇದೊಂದು ಹೇಳಿ ನೋಡಿ.

ವಿಷಾನಾ ಅಂದ್ರೆ, ಲೆಕ್ಕ ನೋಡೋಣ. ಒಂದು ಲೀಟರ್ ಮೀಡಿಯಾಕ್ಕೆ, ಅಂದ್ರೆ ಬಾಟ್ಲಿಯಲ್ಲಿ ಗಿಡಕ್ಕೆ ಊಟ ಆಗೋ ಪಾಕಕ್ಕೆ, ಬಿಎಪಿ ಸಾಮಾನ್ಯವಾಗಿ ಒಂದು-ಎರಡು ಮಿಲಿಗ್ರಾಂ, ಒಂದು ಮಿಲಿಗ್ರಾಂ ಅಂದ್ರೆ ಒಂದೆರಡು ಸಕ್ಕರೆ ಹರಳಿನ ತೂಕ. ಆ ಒಂದು ಲೀಟರ್‌ನಲ್ಲಿ ನಲವತ್ತು ಬಾಟ್ಲಿ ತುಂಬ್ತೀವಿ. ಆದ್ರೆ ಪುಡಿ ಇರೋ ಸೀಸೆ ಮಕ್ಕಳ ಕೈಗೆ ಸಿಗಬಾರದು, ಅದು ಯಾವ ಕೆಮಿಕಲ್‌ಗಾದ್ರೂ ಅನ್ವಯಿಸೋ ಮಾತು. ಇನ್ನೊಂದು ಆಕ್ಸಿನ್ ಇದೆ, 2,4-ಡಿ, ಹೆಸರು ಕೇಳಿರ್ತೀರಿ, ನಿಮ್ಮ ಸಿಂದಗಿ ಕಡೆ ಜೋಳದ ಹೊಲದಲ್ಲಿ ಅಗಲೆಲೆ ಕಳೆಗೆ ಹೊಡೀತಾರೆ. ಅದೇ ವಸ್ತು ಲ್ಯಾಬ್‌ನಲ್ಲಿ ಹನಿಯಷ್ಟು ಹಾಕಿದ್ರೆ ಕ್ಯಾಲಸ್ ಬೆಳೆಸುತ್ತೆ, ಹೊಲದಲ್ಲಿ ಜಾಸ್ತಿ ಹೊಡೆದ್ರೆ ಗಿಡ ತಿರುಚಿಕೊಂಡು ಸಾಯುತ್ತೆ. ಹಂಗಾಗಿ "ಹಾರ್ಮೋನ್ ಒಳ್ಳೇದಾ ಕೆಟ್ಟದ್ದಾ" ಅಂತ ಕೇಳಿದ್ರೆ ನಾನು ಯಾವತ್ತೂ "ಎಷ್ಟು?" ಅಂತ ವಾಪಸ್ ಕೇಳ್ತೀನಿ. ಇದೇ ಜಿಎಂ ಬೆಳೆ ಅಲ್ವಾ ಅಂತಾನೂ ಜನ ಕೇಳ್ತಾರೆ. ಅಲ್ಲ. ಹೊರಗಿನ ಯಾವ ಜೀನೂ ಸೇರಿಸಲ್ಲ ಇದರಲ್ಲಿ. ಮಾರ್ಕೆಟ್‌ನಿಂದ ನೀವು ತರೋ ಜಿ-9 ಬಾಳೆಹಣ್ಣು ಬಹುತೇಕ ಇದೇ ದಾರಿಯಲ್ಲಿ ಬಂದಿದ್ದು.

ನಿಜವಾದ ವಿಷ ಬೇರೆ ಕಡೆ ಇದೆ, ಅದರ ಬಗ್ಗೆ ಯಾರೂ ಹೆದರಲ್ಲ. ಗಿಡದ ತುಂಡು ಬಾಟ್ಲಿಗೆ ಹಾಕೋ ಮುಂಚೆ ಅದರ ಮೇಲಿನ ಬೂಷ್ಟು-ಬ್ಯಾಕ್ಟೀರಿಯಾ ಸಾಯಿಸೋಕೆ ಬಹಳ ಲ್ಯಾಬ್‌ಗಳಲ್ಲಿ ಮರ್ಕ್ಯುರಿಕ್ ಕ್ಲೋರೈಡ್ ಬಳಸ್ತಾರೆ, ಪಾದರಸದ ಲವಣ. ಕೆಲವು ವರ್ಕ್‌ಶಾಪ್‌ಗಳಲ್ಲಿ ಇದನ್ನ ಪೊಟ್ಟಣ ಕಟ್ಟಿ ಮನೆಗೂ ಕೊಡೋದು ನಾನು ನೋಡಿದೀನಿ, ನೋಡಿ ಜಗಳಾನೂ ಆಡಿದೀನಿ. ನಿಮ್ಮ ಕಿಟ್‌ನಲ್ಲಿ ಅದು ಇದ್ರೆ ತೆರೀಬೇಡಿ, ಸಿಂಕ್‌ಗೆ ಸುರೀಬೇಡಿ, ಯಾವುದಾದ್ರೂ ಕಾಲೇಜಿನ ಕೆಮಿಸ್ಟ್ರಿ ಡಿಪಾರ್ಟ್‌ಮೆಂಟ್‌ನವರಿಗೆ ಒಪ್ಪಿಸಿ. ಮನೆ ಮಟ್ಟಕ್ಕೆ ಬಟ್ಟೆಗೆ ಹಾಕೋ ಬ್ಲೀಚ್ ತೆಳ್ಳಗೆ ಮಾಡಿ ಹತ್ತು ನಿಮಿಷ, ಆಮೇಲೆ ಕುದಿಸಿ ಆರಿಸಿದ ನೀರಲ್ಲಿ ಮೂರ್ನಾಲ್ಕು ಸಲ ತೊಳೆಯೋದು, ಅಷ್ಟು ಸಾಕು.

ಸಾಕು ಅಂದೆ, ಆದ್ರೆ ಬಂಡೆಯಿಂದ ನೇರವಾಗಿ ತಂದ ತುಂಡಿಗೆ ಅದೂ ಸಾಲದು. ನಿಮ್ಮ ಮೊದಲ ಬಾಟ್ಲಿಗೆ ಬೂಷ್ಟು ಬಂದಿದ್ದು ನಿಮ್ಮ ಕೈಗುಣ ಅಲ್ಲ. ಮಳೆಗಾಲ ಪೂರ್ತಿ ಕೋಟೆ ಮೇಲೆ ಮಂಜು ನೆನೆದ ಗಿಡದ ಒಳಗೇ, ಕಾಂಡದ ನಾರಿನ ಸಂದಿಯಲ್ಲೇ ಫಂಗಸ್ ಮನೆ ಮಾಡಿರುತ್ತೆ, ಮೇಲಿಂದ ತೊಳೆದ್ರೆ ಹೋಗಲ್ಲ. ನಾವು ಮಾಡೋದು ಏನಂದ್ರೆ ಮೊದಲು ಗಿಡಾನ ಕುಂಡದಲ್ಲಿ, ಸೂರಿನ ಕೆಳಗೆ, ಎಲೆಗೆ ನೀರು ತಾಗದ ಹಾಗೆ ಎರಡು ಮೂರು ತಿಂಗಳು ಸಾಕಿ, ಹೊಸದಾಗಿ ಬಂದ ಚಿಗುರಿನ ಗೆಣ್ಣನ್ನಷ್ಟೇ ತಗೋತೀವಿ. ಅಂದ್ರೆ ಲ್ಯಾಬ್‌ನಲ್ಲೂ ಕೆಲಸ ಶುರು ಆಗೋದು ಕುಂಡದಿಂದಾನೇ. ಇನ್ನು ಫಂಗಸ್ ಒಂದರಿಂದ ಇನ್ನೊಂದು ಬಾಟ್ಲಿಗೆ ಸಾಲಾಗಿ ಹೋಗ್ತಿದ್ರೆ ಅದು ನುಸಿ ಕೆಲಸ, ಕಣ್ಣಿಗೆ ಕಾಣದ ಮೈಟ್ ಹುಳ ಮುಚ್ಚಳದ ಸಂದಿಯಿಂದ ನುಗ್ಗಿ ಅಗರ್, ಅಂದ್ರೆ ಮೀಡಿಯಾ ಗಟ್ಟಿ ಮಾಡೋ ಜೆಲ್ಲಿ, ಅದರ ಮೇಲೆ ನಡೆದ ದಾರಿಯುದ್ದಕ್ಕೂ ಬೂಷ್ಟು ಬಿತ್ತಿಕೊಂಡು ಹೋಗುತ್ತೆ, ನೋಡೋಕೆ ಚುಕ್ಕಿ ರಂಗೋಲಿ ಹಾಗೆ ಇರುತ್ತೆ. ನನ್ನ ಇಡೀ ಒಂದು ಕಲ್ಚರ್ ರೂಮು ಹಿಂಗೆ ಹೋಗಿದೆ ಒಂದು ಮಳೆಗಾಲದಲ್ಲಿ.

ಗಾಜಿನಂಗೆ ಉಬ್ಬಿದ ಮುದ್ದೆ, ಅದು ಡಬಲ್ ಡೋಸ್‌ನ ಪ್ರಸಾದ. ಸೈಟೊಕೈನಿನ್ ಜಾಸ್ತಿ ಆಗಿ, ಮೇಲೆ ಮುಚ್ಚಳ ಬಿಗಿ ಇದ್ದು ಒಳಗೆ ತೇವ ತುಂಬಿಕೊಂಡ್ರೆ ಜೀವಕೋಶಗಳು ನೀರು ಕುಡಿದು ಊದಿಕೊಳ್ತವೆ, ಎಲೆ ಪಾರದರ್ಶಕ ಆಗುತ್ತೆ, ಮುಟ್ಟಿದ್ರೆ ಪಟ್ ಅಂತ ಮುರಿಯುತ್ತೆ. ನೀವು ಬೆಳೀಲಿಲ್ಲ ಅಂತ ಎಷ್ಟು ದಿನ ಕಾದ್ರಿ ಅಂತ ಬರೆದಿಲ್ಲ, ಆದ್ರೆ ಮೂರು-ನಾಲ್ಕು ವಾರ ಏನೂ ಆಗದೆ ಇರೋದು ತೀರಾ ಮಾಮೂಲು. ಗೆಣ್ಣು ಸುಮ್ನೆ ಕೂತಿರುತ್ತೆ, ಆಮೇಲೆ ಒಂದು ದಿನ ಹಸಿರು ಚುಕ್ಕಿ ಕಾಣುತ್ತೆ. ಹೊಸಬರು ಆ ನಾಲ್ಕು ವಾರದಲ್ಲೇ ಕೈ ಹಾಕಿ ಕೆಡಿಸೋದು, ನಾನೂ ಹಂಗೇ ಕಲ್ತಿದ್ದು. ಆಮೇಲೆ ಅಡುಗೆಮನೆ ತಕ್ಕಡಿಯಲ್ಲಿ ಒಂದು ಮಿಲಿಗ್ರಾಂ ತೂಗೋಕೆ ಬರಲ್ಲ, ಅದಕ್ಕೇ ನೂರು ಮಿಲಿಗ್ರಾಂ ನೂರು ಎಂಎಲ್‌ನಲ್ಲಿ ಕರಗಿಸಿ ಇಟ್ಟುಕೊಂಡು ಅದರಿಂದ ಒಂದು ಎಂಎಲ್ ಲೀಟರ್‌ಗೆ ಹಾಕ್ತೀವಿ, ಕಿಟ್‌ನವರು ಹನಿ ಲೆಕ್ಕ ಹೇಳಿದ್ರೆ ಆ ಹನಿಯಲ್ಲಿ ಎಷ್ಟಿದೆ ಅಂತ ಕೇಳಿ. ಎಷ್ಟು ಹಾಕಬೇಕಿತ್ತು ಅಂತ ಕೇಳಿದ್ರಲ್ಲ, ಇಂಥ ಗಿಡಕ್ಕೆ ನಾನಾದ್ರೆ ಲೀಟರ್‌ಗೆ ಒಂದು ಮಿಲಿಗ್ರಾಂ ಬಿಎಪಿಯಿಂದ ಶುರು ಮಾಡಿ, ಚಿಗುರು ಬಂದ್ರೆ ಅದನ್ನ ಏರಿಸದೆ ಇಳಿಸ್ತಾ ಹೋಗ್ತಿದ್ದೆ. ಬೇರಿಗೆ ಬೇರೆ ಬಾಟ್ಲಿ, ಅದರಲ್ಲಿ ಎಂಎಸ್ ಅನ್ನೋ ಮಾಮೂಲು ಮೀಡಿಯಾ, ಅದರ ಲವಣಗಳನ್ನ ಅರ್ಧಕ್ಕೆ ಇಳಿಸಿ, ಸ್ವಲ್ಪ ಐಬಿಎ.

ಸಾವಿರ ಗಿಡ ಅಂತ ವರ್ಕ್‌ಶಾಪ್‌ನಲ್ಲಿ ಹೇಳಿದ್ದು ಸುಳ್ಳಲ್ಲ. ಒಂದು ಚಿಗುರು ತಿಂಗಳಿಗೆ ನಾಲ್ಕಾದ್ರೆ ಐದು ತಿಂಗಳಿಗೆ ಸಾವಿರ ದಾಟುತ್ತೆ, ಲೆಕ್ಕ ನಿಮಗೇ ಗೊತ್ತು. ಅವರು ಹೇಳದೆ ಬಿಡೋದು ಬಾಟ್ಲಿಯಿಂದ ಹೊರಗೆ ತೆಗೆದ ದಿನದ ಕಥೆ. ಬಾಟ್ಲಿ ಒಳಗೆ ಗಿಡ ತವರುಮನೆಯಲ್ಲಿ ಇದ್ದ ಹಾಗೆ, ತುತ್ತು ಬಾಯಿಗೇ ಬರುತ್ತೆ, ಸಕ್ಕರೆ ಲೀಟರ್‌ಗೆ ಮೂವತ್ತು ಗ್ರಾಂ, ಗಾಳಿಯಲ್ಲಿ ಪೂರ್ತಿ ತೇವ. ಅದಕ್ಕೆ ಎಲೆ ಮೇಲೆ ಮೇಣ ಬೆಳೆಯಲ್ಲ, ಪತ್ರರಂಧ್ರ ಮುಚ್ಚೋದು ಕಲ್ತಿರಲ್ಲ, ಅಗರ್‌ನಲ್ಲಿ ಬಂದ ಬೇರಿಗೆ ಮಣ್ಣಿಂದ ನೀರೆಳೆಯೋ ರೋಮ ಸರಿಯಾಗಿ ಇರಲ್ಲ. ಹೊರಗೆ ತೆಗೆದ ಅರ್ಧ ಗಂಟೆಯಲ್ಲಿ ಬಾಡಿ ಬೀಳುತ್ತೆ. ನಾನು ಹೊಸದರಲ್ಲಿ ಕೆಲಸ ಮಾಡ್ತಿದ್ದ ಲ್ಯಾಬ್‌ನಲ್ಲಿ ನರಕ್ಯಾ ಗಿಡ ಮಾಡಿದ್ವಿ, ನಮ್ಮ ಮಲೆನಾಡಿನ ಕಡೆ ದುರ್ವಾಸನೆ ಮರ ಅಂತಾರಲ್ಲ ಅದು, ಕ್ಯಾನ್ಸರ್ ಔಷಧಿಗೆ ಬೇಕಾದ ಕ್ಯಾಂಪ್ಟೊಥೆಸಿನ್ ಅದರಲ್ಲಿದೆ ಅಂತ ಸಹ್ಯಾದ್ರಿ ಉದ್ದಕ್ಕೂ ಕಡಿದು ಸಾಗಿಸಿದ ಮರ. ಮುನ್ನೂರು ಚಿಲ್ಲರೆ ಗಿಡ ಬೇರು ಸಮೇತ ತಯಾರಾದ್ವು, ರಿಪೋರ್ಟ್ ಕೊಡೋ ಡೇಟ್ ಹತ್ರ ಬಂತು ಅಂತ ಏಪ್ರಿಲ್‌ನಲ್ಲೇ ಹೊರಗೆ ತೆಗೆಸಿದ್ರು. ಏಪ್ರಿಲ್ ಮಧ್ಯಾಹ್ನದ ಪುಣೆ ಗಾಳಿ ಹಪ್ಪಳ ಒಣಗಿಸೋಕೆ ಚೆಂದ, ಗಿಡಕ್ಕಲ್ಲ. ಉಳಿದಿದ್ದು ಹನ್ನೊಂದು. ರಿಪೋರ್ಟ್‌ನಲ್ಲಿ ಮಾತ್ರ ಮುನ್ನೂರು ಅಂತಾನೇ ಹೋಯ್ತು, ಬಾಟ್ಲಿಯಲ್ಲಿ ಇದ್ದದ್ದು ಅಷ್ಟು ತಾನೇ. ಅಂದಿನಿಂದ ಯಾರಾದ್ರೂ ಸಂಖ್ಯೆ ಹೇಳಿದ್ರೆ ನಾನು ಕೇಳೋದು, ಎರಡು ಬೇಸಿಗೆ ಕಳೆದ ಮೇಲೆ ಎಷ್ಟು ಅಂತ.

ಎರಡನೇ ತೊಂದರೆ ಕಣ್ಣಿಗೆ ಕಾಣಲ್ಲ. ಒಂದು ತುಂಡಿನಿಂದ ಬಂದ ಸಾವಿರ ಗಿಡ ಅಂದ್ರೆ ಸಾವಿರ ಗಿಡ ಅಲ್ಲ, ಒಂದೇ ಗಿಡದ ಸಾವಿರ ಝೆರಾಕ್ಸ್. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುತ್ತೆ, ಒಂದರ ಪರಾಗ ಇನ್ನೊಂದಕ್ಕೆ ಬಿದ್ರೂ ತನ್ನ ಪರಾಗ ತನಗೇ ಬಿದ್ದ ಹಾಗೆ, ಕೆಲವು ಜಾತಿಗಳಲ್ಲಿ ಕಾಯಿನೇ ಕಟ್ಟಲ್ಲ. ರಾಮಪತ್ರೆ ತರದ ಮರ ಆದ್ರಂತೂ ಗಂಡು ಬೇರೆ ಹೆಣ್ಣು ಬೇರೆ, ಒಂದೇ ಮರದಿಂದ ತೆಗೆದ್ರೆ ಇಡೀ ತೋಟ ಗಂಡೇ ಆಗಿ ಕೂರುತ್ತೆ. ಝೆರಾಕ್ಸೂ ಪ್ರತಿ ಸಲ ಸ್ವಚ್ಛವಾಗಿ ಬರಲ್ಲ, ಅದರಲ್ಲೂ ಕ್ಯಾಲಸ್ ಹಂತದಿಂದ ಹಾಯ್ದು, ಹಾರ್ಮೋನ್ ಜಾಸ್ತಿ ತಿಂದು ಬಹಳ ಸುತ್ತು ಆದ್ರೆ ಅಕ್ಷರ ತಪ್ಪೋಕೆ ಶುರು ಆಗುತ್ತೆ. ಎಣ್ಣೆ ತಾಳೆಯಲ್ಲಿ ಹಿಂಗೇ ಆಯ್ತು, ಚೆನ್ನಾಗಿ ಬೆಳೆದ ಕ್ಲೋನ್ ಗಿಡಗಳು ವರ್ಷಗಳಾದ ಮೇಲೆ ಹೂ-ಕಾಯಿ ಬಿಟ್ಟಾಗಲೇ ವಿಕಾರ ಅಂತ ಗೊತ್ತಾಗಿದ್ದು, ಅದರ ಕಾರಣ ಡಿಎನ್‌ಎ ಮೇಲಿನ ಗುರುತು ಅಳಿಸಿ ಹೋಗಿದ್ದು ಅಂತ ಪತ್ತೆ ಆಗಿದ್ದು 2015ರಲ್ಲಿ. ಬಾಳೆಯಲ್ಲಿ ಏಳೆಂಟು ಸುತ್ತು ಆದ ಮೇಲೆ ಹೊಸ ತಾಯಿಗಿಡದಿಂದ ಶುರು ಮಾಡೋ ರೂಢಿ ಇರೋದು ಇದೇ ಭಯಕ್ಕೆ.

ಇಷ್ಟೆಲ್ಲ ಹೇಳಿ ನನ್ನ ಕಸುಬನ್ನೇ ಹಳಿದ ಹಾಗಾಯ್ತು, ಹಾಗಲ್ಲ. ಬೇಕಾದ ಕಡೆ ಇದಕ್ಕೆ ಸಾಟಿ ಇಲ್ಲ. ಇದೇ ಪುಣೆಯ ಪಾಷಾಣ ರಸ್ತೆಯ ಎನ್‌ಸಿಎಲ್‌ನಲ್ಲಿ, ಅಂದ್ರೆ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ, ಕಾಡಲ್ಲಿ ಹಲವು ದಶಕಕ್ಕೊಮ್ಮೆ ಹೂ ಬಿಡೋ ಬಿದಿರನ್ನ ಬಾಟ್ಲಿಯಲ್ಲೇ ಹೂ ಬಿಡಿಸಿ ಬೀಜ ಕಟ್ಟಿಸಿದ್ರು, 1990ರಲ್ಲಿ ಜಗತ್ತೆಲ್ಲ ತಿರುಗಿ ನೋಡಿತು, ಅದರ ಮೀಡಿಯಾದಲ್ಲಿ ಎಳನೀರೂ ಇತ್ತು ಬಿಎಪಿಯೂ ಇತ್ತು. ಆರ್ಕಿಡ್ ತಗೊಳ್ಳಿ, ನಮ್ಮ ಸೀತಾಳೆ ದಂಡೆ, ಅದರ ಬೀಜ ಧೂಳಿನಷ್ಟು ಸಣ್ಣ, ಒಳಗೆ ಬುತ್ತಿನೇ ಇಲ್ಲ, ಕಾಡಲ್ಲಿ ಸರಿಯಾದ ಫಂಗಸ್ ಸಿಕ್ಕಿ ಅದು ಊಟ ಹಾಕಿದ್ರೆ ಮಾತ್ರ ಮೊಳಕೆ. 1922ರಲ್ಲಿ ನಡ್ಸನ್ ಅನ್ನೋರು ಫಂಗಸ್ ಬದಲು ಸಕ್ಕರೆ ಕೊಟ್ಟು ಬಾಟ್ಲಿಯಲ್ಲಿ ಮೊಳೆಯಿಸಿದ್ರು. ಒಂದು ಕಾಯಿಯಿಂದ ಸಾವಿರಾರು ಸಸಿ, ಬಹಳ ಸಲ ಹಾರ್ಮೋನ್ ಇಲ್ಲದೇ, ಬೀಜದಿಂದ ಬಂದಿದ್ದಕ್ಕೆ ಪ್ರತಿಯೊಂದೂ ಬೇರೆ ಬೇರೆ. ಅಪಾಯದಲ್ಲಿರೋ ಜಾತಿಗೆ ನನ್ನ ಮೊದಲ ಆಯ್ಕೆ ಯಾವತ್ತೂ ಬೀಜ, ಅದು ಆಗದಿದ್ರೆ ಹತ್ತಾರು ಬೇರೆ ಬೇರೆ ತಾಯಿಗಿಡದಿಂದ ಗೆಣ್ಣು, ಕ್ಯಾಲಸ್ ಕೊನೆಗೆ. ಹಿಮಾಲಯದ ಕುಟಕಿ, ಜಟಾಮಾಂಸಿ ಇವುಗಳನ್ನ ಆಯುರ್ವೇದ ಮಾರ್ಕೆಟ್ ಬೇರು ಸಮೇತ ಕಿತ್ತು ಖಾಲಿ ಮಾಡ್ತಿದೆ, ಅಲ್ಲಿ ಟಿಶ್ಯೂ ಕಲ್ಚರ್‌ನಿಂದ ರೈತರಿಗೆ ಸಸಿ ಕೊಟ್ರೆ ಕಾಡಿನ ಮೇಲಿನ ಭಾರ ಕಮ್ಮಿ ಆಗುತ್ತೆ, ಹಿಮಾಚಲದ ಪಾಲಂಪುರದಲ್ಲಿರೋ ಐಎಚ್‌ಬಿಟಿ ಅನ್ನೋ ಸರ್ಕಾರಿ ಸಂಶೋಧನಾ ಸಂಸ್ಥೆ ಅಂಥ ಕೆಲಸ ಮಾಡುತ್ತೆ. ಆದ್ರೆ ಅದು ಮೂರು ಸಾವಿರ ಮೀಟರ್ ಮೇಲಿನ ಚಳಿಯ ಗಿಡ, ಅದರ ಬಾಟ್ಲಿ ತಂದು ಚಿಂಚವಡದ ಹೊರಗಾಳಿಗೆ ಒಗ್ಗಿಸ್ತೀನಿ ಅಂದ್ರೆ ಆಗಲ್ಲ. ಯಾರೋ ನಿಮ್ಮ ಗುಂಪಲ್ಲೇ ಕೇಳ್ತಾರೆ, ಅದಕ್ಕೆ ಮೊದಲೇ ಹೇಳಿದೆ.

ಇನ್ನು ಕೋಟೆ ಮೇಲೆ ನೆಡೋದು. ಬೇಡ. ಗಟ್ಟಿಯಾಗಿ ಹೇಳ್ತಿದೀನಿ, ಕ್ಷಮಿಸಿ. ನಿಮ್ಮ ಕುಂಡದ ಮಣ್ಣಲ್ಲಿ ನರ್ಸರಿಯ ಬೇರುಹುಳ, ಹಿಟ್ಟುತಿಗಣೆ ಇರುತ್ತೆ, ಈ ಗಿಡದ ಬೇರಿಗೆ ಹಿಟ್ಟುತಿಗಣೆ ಬೇಗ ಹತ್ತುತ್ತೆ, ಅದು ಬಂಡೆಯಲ್ಲಿರೋ ಹಳೇ ಗಿಡಗಳಿಗೆ ಹಬ್ಬಿದ್ರೆ ನೀವು ಸಹಾಯ ಮಾಡೋಕೆ ಹೋಗಿ ಕೆಡಿಸಿದ ಹಾಗೆ. ಒಂದು ಕೋಟೆಯ ಗಿಡ ಇನ್ನೊಂದು ಕೋಟೆಗೆ ಒಯ್ದು ಹಾಕೋದಂತೂ ಬೇಡವೇ ಬೇಡ, ನೂರಾರು ವರ್ಷದಿಂದ ಬೇರೆ ಬೇರೆ ಆಗಿ ಬಂದ ಸಂಸಾರಗಳವು. ಅದು ಅಲ್ಲದೆ ಅರಣ್ಯ ಜಾಗದಿಂದ ಅನುಮತಿ ಇಲ್ಲದೆ ಕೀಳೋದೂ ಅಪರಾಧ, 1927ರ ಅರಣ್ಯ ಕಾಯ್ದೆ ಇನ್ನೂ ಜಾರಿಯಲ್ಲಿದೆ. ನೀವು ಮಾಡಿದ್ದು ಮಾಡಿಯಾಯ್ತು, ಇನ್ನೊಂದು ಸಲ ಬೇಡ. ನಿಮ್ಮ ಜೊತೆಗಿದ್ದ ಹುಡುಗರಿಗೂ ಹೇಳಿ, ಫೋಟೋ ಹಾಕುವಾಗ ಲೊಕೇಶನ್ ಹಾಕಬೇಡಿ ಅಂತ. ನಾನು ಮೇಲೆ ಒಂದು ಕೋಟೆ ಹೆಸರು ಬರೆದೆ, ಅದು ನೂರು ವರ್ಷದಿಂದ ಎಲ್ಲರಿಗೂ ಗೊತ್ತಿರೋದು, ಉಳಿದದ್ದು ಬೇಕಂತಲೇ ಬಿಟ್ಟಿದೀನಿ.

ಉಳಿದ ದಾರಿ ಎರಡು. ಒಂದು, ಆ ಕುಂಡ ಹಾಗೇ ಸಾಕಿ. ಬೆಳಗಿನ ಬಿಸಿಲು, ಅರ್ಧಕ್ಕರ್ಧ ದಪ್ಪ ಮರಳು ಇರೋ ಮಣ್ಣು, ಮಳೆಗಾಲದಲ್ಲಿ ನೀರು, ಚಳಿಗಾಲ ಮುಗೀತಾ ಎಲೆ ಉದುರಿಸಿ ಬರೀ ಕಡ್ಡಿ ಆಗುತ್ತೆ, ಸತ್ತಿತು ಅಂತ ನೀರು ಸುರಿದ್ರೆ ಆವಾಗ ನಿಜವಾಗ್ಲೂ ಸಾಯುತ್ತೆ. ಇನ್ನೊಂದು, ಮುಂದಿನ ವರ್ಷ ಕವಲೊಡೆದ ಮೇಲೆ ಒಂದು ತುಂಡನ್ನ ಪುಣೆಯಲ್ಲೇ ಇರೋ ಬೊಟಾನಿಕಲ್ ಸರ್ವೆಯ ಪಶ್ಚಿಮ ಕೇಂದ್ರಕ್ಕೆ ಕೇಳಿ ನೋಡಿ, ಬೇಕು ಅಂದ್ರೆ ಎಲ್ಲಿಂದ, ಯಾವ ತಿಂಗಳು, ಬಂಡೆಯ ಯಾವ ಮುಖದಿಂದ ತಂದದ್ದು ಅಂತ ಬರೆದು ಕೊಡಿ. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಗಿಡ ಅವರಿಗೆ ಅಲಂಕಾರಕ್ಕಷ್ಟೇ, ಗೊತ್ತಿದ್ರೆ ಮುಂದೆ ಅರಣ್ಯ ಇಲಾಖೆ ಜೊತೆ ಸೇರಿ ಅದೇ ಬಂಡೆಗೆ ವಾಪಸ್ ನೆಡುವಾಗ ಉಪಯೋಗಕ್ಕೆ ಬರಬಹುದು. ಎಲ್ಲಿಂದ ತಂದ್ರಿ ಅಂತ ಬೈತಾರೆ ಮೊದಲು, ಬೈಸಿಕೊಳ್ಳಿ.

ಟಿಶ್ಯೂ ಕಲ್ಚರ್ ಕಲಿಯೋ ಹುಚ್ಚು ಹತ್ತಿದ್ರೆ ಅಂಗಳದ ಒಂದೆಲಗದಲ್ಲೋ ಅಂಗಡಿಯ ಕ್ಯಾರೆಟ್‌ನಲ್ಲೋ ಕೈ ಪಳಗಿಸಿ, ಹತ್ತು ಸತ್ರೂ ಯಾರೂ ಅಳಲ್ಲ. ಆ ಬೂಷ್ಟು ಬಂದ ಬಾಟ್ಲಿ, ಗಾಜಿನ ಮುದ್ದೆ ಬಾಟ್ಲಿ ಎರಡರ ಮುಚ್ಚಳಾನೂ ಬಿಚ್ಚಬೇಡಿ, ಒಂಚೂರು ಸಡಿಲ ಮಾಡಿ ಹಾಗೇ ಕುಕ್ಕರ್‌ಗೆ ಇಳಿಸಿ, ಸೀಟಿ ಬಂದ ಮೇಲೆ ಇಪ್ಪತ್ತು ನಿಮಿಷ ಇಟ್ಟು, ಪೂರ್ತಿ ಆರಿದ ಮೇಲೆ ಕಸಕ್ಕೆ ಹಾಕಿ. ಮತ್ತೆ ಆ ಕುಕ್ಕರ್ ಸೊಸೆಯವರ ಅನ್ನದ ಕುಕ್ಕರೇ ಆಗಿದ್ರೆ, ಅವರು ಹೇಳಿದ್ದರಲ್ಲಿ ಅಷ್ಟು ಮಾತ್ರ ನಿಜ, ಬೇರೆ ಒಂದು ತಂದುಕೊಳ್ಳಿ.